ಬ್ಯಾಡ್ ನ್ಯೂಸ್: ನನ್ನ ಪಿಯು ಮಕ್ಕಳಿಗೆ ಆಡಿಸಿದ ಆಟ

ವಾಟ್ಸಾಪ್‌ನಲ್ಲಿ ಬರುವ ದ್ವೇಷದ ಸಂದೇಶಗಳ ಬಗ್ಗೆ ಸುಮ್ನೆ ಬುದ್ಧಿ ಹೇಳಿದರೆ ಈ ವಯಸ್ಸಿನವರು ಕಿವಿಗೆ ಹಾಕಿಕೊಳ್ಳುವುದಿಲ್ಲ. ಈ ಆಟ ಕೊಟ್ಟರೆ ತಾವಾಗಿಯೇ ಮಾತಾಡುತ್ತಾರೆ.

ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞರು ಡಚ್ ತಂಡವೊಂದರ ಜೊತೆ ಸೇರಿ 2018ರಲ್ಲಿ ತಂದದ್ದು ಇದು. ಬ್ರೌಸರ್‌ನಲ್ಲೇ ಆಡಬಹುದು, ದುಡ್ಡು ಕೊಡಬೇಕಿಲ್ಲ. ಇಲ್ಲಿ ಸುಳ್ಳು ಹಬ್ಬಿಸುವವರು ನಾವೇ. ನಕಲಿ ಖಾತೆ ತೆರೆಯಬೇಕು, ಭಯ ಹುಟ್ಟಿಸಬೇಕು, ಸಣ್ಣ ಜಗಳಕ್ಕೆ ತುಪ್ಪ ಸುರಿದು ಜನರನ್ನು ಒಡೆಯಬೇಕು. ಫಾಲೋವರ್‌ಗಳು ಏರುತ್ತಾರೆ. ತೀರಾ ಹಸಿ ಸುಳ್ಳು ಹೇಳಿದರೆ ನಂಬಿಕೆಯ ಮೀಟರ್ ಇಳಿಯುತ್ತದೆ. ಒಟ್ಟು 6 ತಂತ್ರ, ಒಂದೊಂದಕ್ಕೂ ಒಂದು ಬ್ಯಾಡ್ಜ್. ಲಸಿಕೆಯ ಲೆಕ್ಕ ಅಷ್ಟೇ: ಮೋಸದ ಸಣ್ಣ ಡೋಸ್ ಮೊದಲೇ ಸಿಕ್ಕಿದ್ದರೆ ನಿಜವಾದ ಮೋಸ ಬಂದಾಗ ಗುರುತು ಸಿಗುತ್ತದೆ.

ಆಡಿ ಮುಗಿಸಿದ ಹುಡುಗಿಯೊಬ್ಬಳು ಮನೆಯ ಗ್ರೂಪಿಗೆ ಬಂದಿದ್ದ ಫಾರ್ವರ್ಡ್ ತೆಗೆದು, "ಸರ್, ಇದೊಂದರಲ್ಲೇ ಮೂರು ಬ್ಯಾಡ್ಜ್ ಇದೆ" ಅಂದಳು. ನನಗೆ ಬೇಕಿದ್ದದ್ದು ಇದೇ ಅಲ್ವಾ!

ನಾವು ಆಡಿದ್ದು ಇಂಗ್ಲಿಷಿನಲ್ಲಿ, ಉದಾಹರಣೆಗಳೆಲ್ಲ ಹೊರದೇಶದವು. ಹಾಗಾಗಿ ಮೊದಲು ಬೀದರ್ ಜಿಲ್ಲೆಯ ಮುರ್ಕಿಯ ವಿಷಯ ಹೇಳಿದೆ. 2018ರ ಜುಲೈನಲ್ಲಿ ಮಕ್ಕಳ ಕಳ್ಳರೆಂಬ ವದಂತಿ ನಂಬಿದ ಗುಂಪು ಅಲ್ಲಿ ಹೈದರಾಬಾದಿನ ಯುವಕನೊಬ್ಬನನ್ನು ಹೊಡೆದು ಕೊಂದಿತು. ತರಗತಿ ಪೂರ್ತಿ ಗಂಭೀರವಾಯಿತು.

ಈಗಾಗಲೇ ದ್ವೇಷದ ಗುಂಪಿಗೆ ಸೇರಿಕೊಂಡ ಹುಡುಗನನ್ನು ಇದು ವಾಪಸ್ ಕರೆತರುತ್ತದೆ ಅಂತ ನಾನು ನಂಬುವುದಿಲ್ಲ. ಅವನಿಗೆ ಬೇಕಾದದ್ದು ಪಕ್ಕದಲ್ಲಿ ಕೂತು ಕೇಳುವ ಅಣ್ಣನೋ ಮಾವನೋ. ಉಗ್ರ ಸಂಘಟನೆಗಳು ಹುಡುಗರನ್ನು ಸೆಳೆಯುವ ಬಗೆ ತೋರಿಸಲು ಕೇಂಬ್ರಿಡ್ಜ್‌ನವರೇ 'ರಾಡಿಕಲೈಸ್' ಎಂಬ ಇನ್ನೊಂದು ಆಟ ಮಾಡಿದ್ದಾರೆ. ಮುಂದಿನ ಸಲ ಅದನ್ನೂ ಆಡಿಸಬೇಕು, ಪೋಷಕರನ್ನೂ ಕೂರಿಸಿಕೊಂಡು.