ಸಿಗಾರ್-ವಿಸ್ಕಿ ‘ಪೇರಿಂಗ್’ ಸಂಜೆಗೆ ದುಡ್ಡು ಕಟ್ಟುವ ಮೊದಲು ಇದನ್ನು ಓದಿ

ಬೆಂಗಳೂರಿನಲ್ಲಿ ಹೊಸ ಶೋಕಿಯೊಂದು ಶುರುವಾಗಿದೆ. ಒಂದು ಸಿಗಾರ್, ಮೂರು ಬಗೆಯ ಡ್ರಿಂಕ್, ಯಾವುದಕ್ಕೆ ಯಾವುದು ಜೋಡಿ ಅಂತ ಹೇಳಿಕೊಡಲು ಒಬ್ಬ ಎಕ್ಸ್‌ಪರ್ಟ್. ಇನ್‌ಸ್ಟಾಗ್ರಾಂನಲ್ಲಿ ಜಾಹೀರಾತು ಬರುತ್ತಲೇ ಇರುತ್ತದೆ. ಅಂಥದ್ದೊಂದಕ್ಕೆ ಭಾವನ ಜೊತೆ ಹೋಗಿದ್ದೆ. ರಾತ್ರಿ ಮುಗಿದಿದ್ದು ಕ್ಲಿನಿಕ್‌ನಲ್ಲಿ. ಜಾಗದ ಹೆಸರು ಬೇಡ. ನಡೆದದ್ದನ್ನು ಹೇಳುತ್ತೇನೆ, ಹೋಗಬೇಕೋ ಬೇಡವೋ ನೀವೇ ನೋಡಿ.

ಭಾವ ದಿನಕ್ಕೆ ಒಂದೆರಡು ಸಿಗರೇಟು ಸೇದುವವರು, ಸಿಗಾರ್ ಹೊಸದು. ಅದನ್ನು ಶುರುವಿನಲ್ಲೇ ಹೇಳಿದ್ದರು. ಹೊಸಬರಿಗೆ ಸಣ್ಣದು, ಸೌಮ್ಯವಾದದ್ದು ಕೊಡುವುದು ಸಿಗಾರ್ ಸೇದುವವರ ಬಳಗದಲ್ಲಿ ಎಲ್ಲರಿಗೂ ಗೊತ್ತಿರುವ ಮಾತು. ಇವರ ಕೈಗೆ ಸಿಕ್ಕಿದ್ದು ಕಡು ಕಂದು ಬಣ್ಣದ, ಹೆಬ್ಬೆರಳಿನಷ್ಟು ದಪ್ಪದ ರೊಬಸ್ಟೊ ಅನ್ನುವ ಗಿಡ್ಡ, ದಪ್ಪ ಸಿಗಾರ್. ತಿನ್ನಲು ನಾಲ್ಕು ಗೋಡಂಬಿ, ಒಂದು ತುಂಡು ಡಾರ್ಕ್ ಚಾಕೊಲೇಟ್. ಊಟ ಕೊನೆಗಂತೆ.

ಎಕ್ಸ್‌ಪರ್ಟ್ ಸಾಹೇಬರು ಮಾತಾಡಿದರು ನೋಡಿ! ಹೊಗೆ ವಾಸನೆಯ ಪೀಟೆಡ್ ವಿಸ್ಕಿಗೆ ಗಟ್ಟಿ ಸಿಗಾರ್, ಡಾರ್ಕ್ ರಮ್‌ಗೆ ಮಡೂರೊ ಅನ್ನುವ ಕಪ್ಪು ಎಲೆಯ ಸಿಗಾರ್, ಚರ್ಮದ ಘಮ, ಕೋಕೊ ಘಮ, ಒದ್ದೆ ಮಣ್ಣಿನ ಘಮ. ಹೊಗೆಯನ್ನು ಒಳಗೆ ಎಳೆದುಕೊಳ್ಳಬೇಡಿ ಅನ್ನುವ ಒಂದು ಮಾತು ಮಾತ್ರ ಬರಲಿಲ್ಲ. ಸಿಗರೇಟು ಸೇದಿ ರೂಢಿ ಇದ್ದವರು ಸಿಗಾರ್ ಹೊಗೆಯನ್ನೂ ಹಾಗೇ ಎಳೆಯುತ್ತಾರೆ ಅಲ್ವಾ? ಭಾವನೂ ಎಳೆದರು.

ಅರ್ಧ ಸಿಗಾರ್ ಮುಗಿಯುವ ಮೊದಲೇ ಮುಖ ಬಿಳಿಚಿತು. ತಣ್ಣನೆ ಬೆವರು, ಕೈ ನಡುಕ. "ಭಾವ, ಸಾಕು, ಕೆಳಗಿಡಿ" ಅಂದೆ. "ಏನಿಲ್ಲ ಬಿಡೋ" ಅಂದವರು ಎದ್ದು ನಿಂತರು, ಕಣ್ಣು ಕತ್ತಲೆ ಬಂದು ಕುಸಿದರು. ಆಮೇಲೆ ವಾಂತಿಯೋ ವಾಂತಿ. ನಡೆಸುವವರು ಓಡಿಬಂದು ಹೇಳಿದ್ದೇನು? "ಸಾರ್ ಸ್ವಲ್ಪ ಜಾಸ್ತಿ ಕುಡಿದಿದ್ದಾರೆ." ಕುಡಿದಿದ್ದು ಎರಡು ಸಣ್ಣ ಪೆಗ್, ಅಳೆದು ಕೊಟ್ಟವರು ಅವರೇ!

ಕ್ಲಿನಿಕ್‌ನ ಡ್ಯೂಟಿ ಡಾಕ್ಟರ್ ನಡೆದದ್ದನ್ನು ಕೇಳಿದ ತಕ್ಷಣ ನಿಕೋಟಿನ್ ಜಾಸ್ತಿಯಾಗಿದೆ ಅಂದರು. ಒಂದು ಸಿಗರೇಟಿನಲ್ಲಿ ಒಂದು ಗ್ರಾಂಗಿಂತ ಕಮ್ಮಿ ತಂಬಾಕು ಇರುತ್ತದೆ. ದೊಡ್ಡ ಸಿಗಾರ್‌ನಲ್ಲಿ 5ರಿಂದ 17 ಗ್ರಾಂ ತನಕ. ಸಿಗಾರ್ ಹೊಗೆ ಕ್ಷಾರದ ಗುಣದ್ದು, ಹಾಗಾಗಿ ಅದರ ನಿಕೋಟಿನ್ ಬಾಯಿಯ ಒಳಚರ್ಮದಿಂದಲೇ ನೇರ ರಕ್ತಕ್ಕೆ ಹೋಗುತ್ತದೆ. ಒಳಗೆ ಎಳೆದರೆ ಶ್ವಾಸಕೋಶದಿಂದಲೂ ಹೋಗುತ್ತದೆ. ಖಾಲಿ ಹೊಟ್ಟೆ, ಮೇಲೆ ಡ್ರಿಂಕ್ ಬೇರೆ. ಬಾಯಲ್ಲೇ ಹೊಗೆ ಬಿಟ್ಟರೆ ಸೇಫ್ ಅನ್ನುವವರಿಗೂ ಒಂದು ಮಾತು ಹೇಳಿದರು. ತಂಬಾಕಿನ ವಿಷ ಬಾಯಿಯ ಚರ್ಮದೊಳಕ್ಕೆ ಇಳಿಯಲು ಆಲ್ಕೋಹಾಲ್ ದಾರಿ ಮಾಡಿಕೊಡುತ್ತದೆ. ಬಾಯಿ, ಗಂಟಲಿನ ಕ್ಯಾನ್ಸರಿನ ಅಪಾಯ ಎರಡೂ ಸೇರಿದಾಗ ಬರೀ ಕೂಡುವುದಿಲ್ಲ, ಗುಣಿಸುತ್ತದೆ. ಪೇರಿಂಗ್ ಸಂಜೆಯ ಅಷ್ಟುದ್ದದ ಭಾಷಣದಲ್ಲಿ ಈ ಜೋಡಿಯ ಮಾತೇ ಇರಲಿಲ್ಲ. ನಿಪ್ಪಾಣಿ ತಂಬಾಕಿನ ಬೀಡಿ ಸೇದುವವನನ್ನು ಕಂಡರೆ ಮೂಗು ಮುರಿಯುವ ಜನ, ಇಲ್ಲಿ ಸೋಫಾದಲ್ಲಿ ಒರಗಿ ಅದಕ್ಕಿಂತ ದಪ್ಪದ್ದನ್ನು ಸೇದುತ್ತಿದ್ದರು. ಇರಲಿ.

ಈಗ ದುಡ್ಡಿನ ವಿಷಯ. ‘ಕ್ಯೂಬಾದ್ದೇ ಕೊಹಿಬಾ’ (ದುಬಾರಿ ಸಿಗಾರ್ ಬ್ರ್ಯಾಂಡ್) ಅಂತ ತೋರಿಸಿದ ಪೆಟ್ಟಿಗೆಗೆ ಗಾಜಿನ ಮುಚ್ಚಳ ಇತ್ತು. ಸಿಗಾರ್ ಬಲ್ಲ ಗೆಳೆಯನಿಗೆ ಫೋಟೊ ಕಳಿಸಿದೆ. ಅವನು ನಕ್ಕುಬಿಟ್ಟ. ಗಾಜಿನ ಮುಚ್ಚಳದ ಕೊಹಿಬಾ ಅಂದರೆ ನಕಲಿ ಅಂತಲೇ ಲೆಕ್ಕವಂತೆ, ಕ್ಯೂಬಾಕ್ಕೆ ಹೋದ ಪ್ರವಾಸಿಗರಿಗೂ ಇದನ್ನೇ ಅಂಟಿಸುತ್ತಾರಂತೆ. ಅಸಲಿ ಪೆಟ್ಟಿಗೆ ಮೇಲೆ ಕ್ಯೂಬಾ ಸರ್ಕಾರದ ಹಸಿರು-ಬಿಳಿ ಗ್ಯಾರಂಟಿ ಸೀಲ್ ಇರುತ್ತದೆ. ಇಲ್ಲಿ ಮಾರಬೇಕಾದರೆ 85% ಜಾಗ ತುಂಬುವ ಎಚ್ಚರಿಕೆ ಚಿತ್ರವೂ ಇರಲೇಬೇಕು. ಆ ಪೆಟ್ಟಿಗೆಯಲ್ಲಿ ಎರಡೂ ಇರಲಿಲ್ಲ. ವಿಸ್ಕಿಯಂತೂ ಲೇಬಲ್ಲೇ ಇಲ್ಲದ ಗಾಜಿನ ಹೂಜಿಯಿಂದ ಬಂತು. ಗಟ್ಟಿ ಸಿಗಾರ್ ಹತ್ತು ನಿಮಿಷ ಎಳೆದ ನಾಲಿಗೆಗೆ ಸಿಂಗಲ್ ಮಾಲ್ಟ್ ಯಾವುದು, ಮಾಮೂಲಿ ವಿಸ್ಕಿ ಯಾವುದು ಅಂತ ಏನು ಗೊತ್ತಾಗುತ್ತದೆ? ಮೊದಲು ಸಿಗಾರ್ ಹಚ್ಚಿಸಿ ಆಮೇಲೆ ಸುರಿದದ್ದು ಸುಮ್ನೆ ಅಲ್ಲ ಅಂತ ನನ್ನ ಅನುಮಾನ.

ಇನ್ನೊಂದು, "ಪರ್ಮಿಷನ್ ಎಲ್ಲ ಇದೆ ಸಾರ್" ಅನ್ನುವುದನ್ನು ನಂಬಬೇಡಿ. ಹೋಟೆಲು, ಬಾರುಗಳಲ್ಲಿ ಸೇದಲು ಬೇರೆ ಜಾಗ ಮಾಡಬಹುದು, ನಿಜ. ಆದರೆ ಸಾರ್ವಜನಿಕ ಜಾಗದಲ್ಲಿ ಧೂಮಪಾನ ನಿಷೇಧಿಸುವ ನಿಯಮಗಳ 2017ರ ತಿದ್ದುಪಡಿ ಪ್ರಕಾರ ಆ ಜಾಗದಲ್ಲಿ ಏನನ್ನೂ ಸರ್ವ್ ಮಾಡುವಂತಿಲ್ಲ. ಅಂದಮೇಲೆ ಅಲ್ಲೇ ಕೂರಿಸಿ ಗ್ಲಾಸು ತುಂಬಿಸುವ ಪೇರಿಂಗ್ ಹೇಗೆ ಸರಿಯಾಗುತ್ತದೆ? ರೇಡ್ ಆದರೆ ಸೇದಿದವರಿಗೂ ದಂಡ. ಕರ್ನಾಟಕದಲ್ಲಿ 2025ರಿಂದ ಅದು 200 ಅಲ್ಲ, 1,000 ರೂಪಾಯಿ ತನಕ. ತಂಬಾಕು ಕೊಳ್ಳುವ ವಯಸ್ಸೂ 21ಕ್ಕೆ ಏರಿದೆ. ಕಾಲೇಜು ಹುಡುಗರಂತೆ ಕಾಣುವವರೂ ಅಲ್ಲಿದ್ದರು, ಬಾಗಿಲಲ್ಲಿ ಯಾರ ಐಡಿಯನ್ನೂ ಕೇಳಲಿಲ್ಲ.

ಇಷ್ಟು ಓದಿದ ಮೇಲೂ ಯಾರಾದರೂ ಗೆಳೆಯರು ಎಳೆದುಕೊಂಡು ಹೋದರೆ ಊಟ ಮಾಡಿ ಹೋಗಿ. ಬಾಟಲಿಯ ಸೀಲನ್ನು ನಿಮ್ಮೆದುರೇ ಒಡೆಯಲು ಹೇಳಿ. ಸಿಗಾರ್ ಬೇಡ ಅನ್ನಿ. ತಲೆ ತಿರುಗಿದರೆ ಮರ್ಯಾದೆ ನೋಡದೆ ಹೊರಗೆ ಗಾಳಿಗೆ ಬನ್ನಿ. ಬಿದ್ದವರನ್ನು ಮಗ್ಗುಲಾಗಿ ಮಲಗಿಸಿ, ವಾಂತಿ ಉಸಿರುನಾಳಕ್ಕೆ ಹೋಗಬಾರದು. ‘ಕುಡಿದಿದ್ದಾರೆ’ ಅಂತ ಯಾರು ಹೇಳಿದರೂ ಕಾಯಬೇಡಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಭಾವ ಮರುದಿನಕ್ಕೆ ಸರಿಹೋದರು. ಅಕ್ಕ ಇನ್ನೂ ನನ್ನ ಜೊತೆ ಸರಿಯಾಗಿ ಮಾತಾಡುತ್ತಿಲ್ಲ. ದುಡ್ಡು ವಾಪಸ್ ಕೇಳಿ ಮೇಲ್ ಹಾಕಿದ್ದಕ್ಕೆ ಉತ್ತರ ಬಂದಿದೆ: ರೀಫಂಡ್ ಇಲ್ಲವಂತೆ, ಮುಂದಿನ ಸಂಜೆಗೆ ಅರ್ಧ ಬೆಲೆಯ ಕೂಪನ್ ಕೊಡುತ್ತಾರಂತೆ.