38, 40, 42: ನನ್ನ ಕೈಗೆ ಕೂತದ್ದು 38ರ ವಾಚು

ನನ್ನ ಮಣಿಕಟ್ಟಿನ ಸುತ್ತಳತೆ 16 ಸೆಂ.ಮೀ. ಮೇಲಿನ ಚಪ್ಪಟೆ ಭಾಗದ ಅಗಲ 48 ಮಿ.ಮೀ. ಮೂರು ವಾಚು ಕಟ್ಟಿ ನೋಡಿ ಉಳಿಸಿಕೊಂಡದ್ದು 38 ಮಿ.ಮೀ. ಕೇಸಿನದು (ಕೇಸೆಂದರೆ ಬೆಲ್ಟ್ ಬಿಟ್ಟು ವಾಚಿನ ಮೈ, 38 ಅದರ ಅಗಲ). ಈಗಲೂ ಕೈಯಲ್ಲಿ ಅದೇ ಇದೆ.

42ರದ್ದು ಡೈವ್ ವಾಚು, ಅಂದರೆ ನೀರಿನಾಳಕ್ಕೆ ಮುಳುಗುವವರಿಗೆಂದು ಮಾಡಿದ್ದು. ಅದರ ಅಗಲ ನನಗೆ ತೊಂದರೆ ಕೊಡಲಿಲ್ಲ. ಬೆಲ್ಟ್ ಸಿಕ್ಕಿಸುವ ಲಗ್‌ಗಳು ಗಿಡ್ಡಗಿದ್ದು ಕೆಳಕ್ಕೆ ಬಾಗಿದ್ದರೆ ದೊಡ್ಡ ಕೇಸೂ ಚೆನ್ನಾಗಿಯೇ ಕೂರುತ್ತದೆ. ಸೀಕೊ ಎಸ್‌ಕೆಎಕ್ಸ್ 007 ನೋಡಿ: ಕೇಸು 42.5 ಮಿ.ಮೀ., ಲಗ್ ತುದಿಯಿಂದ ತುದಿಗೆ ಸುಮಾರು 46. ಹ್ಯಾಮಿಲ್ಟನ್ ಖಾಕಿ ಫೀಲ್ಡ್ ಮೆಕ್ಯಾನಿಕಲ್‌ನ ಕೇಸು 38, ಉದ್ದ ಸುಮಾರು 47. ಕೇಸಿನ ಅಗಲವೊಂದನ್ನೇ ನಂಬಿದರೆ ಲೆಕ್ಕ ತಲೆಕೆಳಗಾಗುತ್ತದೆ. 42ನ್ನು ನಾನು ಬಿಟ್ಟದ್ದು ದಪ್ಪಕ್ಕೆ. ದಿನಾ ತುಂಬುತೋಳಿನ ಅಂಗಿ ತೊಡುವವನು ನಾನು, 13 ಮಿ.ಮೀ. ದಾಟಿದ ವಾಚು ಕಫ್‌ನೊಳಗೆ ಜಾರುವುದಿಲ್ಲ.

ನಿಜವಾದ ಕಿರಿಕಿರಿ 40ರದ್ದು. ಕೇಸಿಗೇ ಬೆಸೆದ ಹಾಗಿರುವ ಸ್ಟೀಲ್ ಚೈನು, ನೋಡಲು ಬಹಳ ಚೆಂದ. ಚೈನು ಬಿಟ್ಟು ಕೇಸಿನ ಉದ್ದ 45 ಎಂದು ಬರೆದಿತ್ತು. ಕಟ್ಟಿದರೆ ಕೈಯ ಎರಡೂ ಅಂಚು ದಾಟಿ ಚಾಚಿಕೊಂಡಿತು. ಚೈನಿನ ಮೊದಲ ಕೊಂಡಿ ಕೇಸಿನಿಂದ ನೇರ ಹೊರಕ್ಕೆ ಹೋಗಿ ಆಮೇಲಷ್ಟೇ ಕೆಳಕ್ಕೆ ಮಡಚುತ್ತದೆ. ಅದನ್ನೂ ಸೇರಿಸಿ ಸ್ಕೇಲ್ ಇಟ್ಟರೆ 51 ಬಂತು!

ಕೊಂಡಿ ತೆಗೆಸಿ ಚೈನು ಗಿಡ್ಡ ಮಾಡಿಸಿದರೂ ಈ ಮೇಲಿನ ಉದ್ದ ಹಾಗೇ ಉಳಿಯುತ್ತದೆ. ಬಿಗಿ ಮಾಡಿದರೆ ಚರ್ಮ ಒತ್ತುತ್ತದೆ, ಸಡಿಲ ಬಿಟ್ಟರೆ ವಾಚು ಹೊರಳಿ ಪಕ್ಕಕ್ಕೆ ವಾಲುತ್ತದೆ. ಮಾಮೂಲಿ ಚರ್ಮದ ಬೆಲ್ಟ್ ಹಾಕೋಣವೆಂದರೆ ಜೋಡಿಸುವ ಜಾಗದ ಆಕಾರವೇ ಬೇರೆ. ಇಂಥ ವಾಚು ಕೊಳ್ಳುವ ಮೊದಲು ಆ ಎರಡು ಕೊಂಡಿಗಳನ್ನೂ ಸೇರಿಸಿ ಅಳೆಯಿರಿ, ಅದನ್ನು ನಿಮ್ಮ ಕೈಯ ಚಪ್ಪಟೆ ಭಾಗದ ಪಕ್ಕ ಇಟ್ಟು ನೋಡಿ.

38ರದ್ದು ಡಯಲ್ ಸುತ್ತ ತೆಳು ಅಂಚಿನ ವಾಚು. ದಪ್ಪ ಬೆಜೆಲ್ಲಿನ (ಗಾಜಿನ ಸುತ್ತಲ ಉಂಗುರದ) 40ಕ್ಕಿಂತ ಇದರ ಮುಖವೇ ವಿಶಾಲವಾಗಿ ಕಾಣುತ್ತದೆ. ದಪ್ಪ ಹತ್ತರೊಳಗೆ. ಲಗ್ ನಡುವಿನ ಅಂತರ 20 ಮಿ.ಮೀ., ಹಾಗಾಗಿ ಬೆಲ್ಟ್ ಸುಲಭವಾಗಿ ಸಿಗುತ್ತದೆ. ಎರಡನೇ ವಾಚಿಗೆ ದುಡ್ಡು ಎತ್ತಿಡುವವನಲ್ಲ ನಾನು, ಕಂದು ಮತ್ತು ಕಪ್ಪು ಬೆಲ್ಟ್ ಬದಲಿಸಿಕೊಂಡರೆ ನನಗೆ ಸಾಕು. 18 ಸೆಂ.ಮೀ. ಮೇಲ್ಪಟ್ಟ ಕೈಯವರು, ಅರ್ಧತೋಳು ತೊಡುವವರು 42ನ್ನೇ ತೆಗೆದುಕೊಳ್ಳಬಹುದು.