ಒಂದೇ ಕುಲುಮೆಯ ಎರಡು ಚಾಕು: ಬಳಸಿದ್ದು ಮತ್ತು ಎತ್ತಿಟ್ಟಿದ್ದು

ಅಡುಗೆಮನೆ ಕಟ್ಟೆಯ ಮೇಲೆ ಎರಡು ಚಾಕು ಪಕ್ಕಪಕ್ಕ ಇಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಎರಡೂ ಒಂದೇ ಕುಲುಮೆಯಲ್ಲಿ ಆದವು, ಒಂದೇ ದಿನ ನಮ್ಮ ಮನೆಗೆ ಬಂದವು. ಒಂದರ ಅಲಗು ಕಪ್ಪುನೀಲಿ ಬಣ್ಣಕ್ಕೆ ತಿರುಗಿದೆ. ಇನ್ನೊಂದು ಹೆಚ್ಚುಕಡಿಮೆ ಹೊಸದರ ಹಾಗೇ ಬೆಳ್ಳಗಿದೆ, ಆದರೆ ಹಿಡಿಯ ಹತ್ತಿರ ರಾಗಿಕಾಳಿನಷ್ಟು ಅಗಲದ ಮೂರು ಗುಳಿ ಬಿದ್ದಿವೆ. ಗುಳಿ ಬಿದ್ದಿರುವುದು ದಿನಾ ಬಳಸಿದ ಚಾಕುವಿಗಲ್ಲ. ಜೋಪಾನವಾಗಿರಲಿ ಅಂತ ಪೆಟ್ಟಿಗೆಯಲ್ಲಿ ಇಟ್ಟಿದ್ದಕ್ಕೆ.

ನಮ್ಮ ಮನೆ ಇರುವುದು ಮೂಡಿಗೆರೆಯಿಂದ ಸ್ವಲ್ಪ ಒಳಗೆ. 2022ರಲ್ಲಿ ತಮ್ಮ ಜಪಾನಿನಿಂದ ಬರುವಾಗ ಈ ಜೋಡಿ ತಂದ. ಒಸಾಕಾ ಪಕ್ಕದ ಸಕಾಯ್ ಎಂಬ ಊರಿನದ್ದು. ಅಲ್ಲಿ ನೂರಾರು ವರ್ಷದಿಂದ ಚಾಕು ಮಾಡುವುದೇ ಕಸುಬು. ಸಾಂತೋಕು ಅನ್ನುವ ನಮೂನೆ, ಆರೂವರೆ ಇಂಚಿನ ಅಲಗು. ತರಕಾರಿ, ಮೀನು, ಮಾಂಸ ಎಲ್ಲದಕ್ಕೂ ಆಗುತ್ತದೆ. ಒಂದೊಂದಕ್ಕೆ ನಮ್ಮ ದುಡ್ಡಿನಲ್ಲಿ 18,000 ರೂಪಾಯಿ ಬಿದ್ದಿತ್ತು. ‘ಒಂದು ಬಳಸು, ಒಂದು ಹಾಗೇ ಇಡು. ಮುಂದೆ ಬೆಲೆ ಬರುತ್ತೆ’ ಅಂದಿದ್ದ. ಹಾಗೇ ಮಾಡಿದೆ. ಮೂರು ಮಳೆಗಾಲ ಕಳೆದಿದೆ.

ಉಕ್ಕಿನ ಬಗ್ಗೆ ಮೊದಲು ಒಂದು ಮಾತು ಹೇಳಬೇಕು, ಮುಂದಿನ ಕತೆಯೆಲ್ಲ ನಿಂತಿರುವುದು ಅದರ ಮೇಲೆ. ಇದರ ಬಾಯಿಗೆ ಹಾಕಿರುವ ಉಕ್ಕಿಗೆ ಆವೊಗಾಮಿ ಅಂತ ಹೆಸರು. ಅಂದರೆ ನೀಲಿ ಕಾಗದ. ಉಕ್ಕೇನೂ ನೀಲಿ ಅಲ್ಲ, ಅದನ್ನು ಸುತ್ತಿ ಕೊಡುವ ಕಾಗದದ ಬಣ್ಣದಿಂದ ಬಂದ ಹೆಸರು. ಸ್ಟೇನ್‌ಲೆಸ್ ಅನ್ನಿಸಿಕೊಳ್ಳಲು ಉಕ್ಕಿನಲ್ಲಿ ಕ್ರೋಮಿಯಂ ಕನಿಷ್ಠ ಶೇ. 10.5ರಷ್ಟು ಇರಬೇಕು. ಇದರಲ್ಲಿ ಶೇ. 1 ಕೂಡ ಇಲ್ಲ. ಸಾಲದ್ದಕ್ಕೆ ಎರಡೂ ಬದಿಗೆ ಮೆತ್ತನೆಯ ಕಬ್ಬಿಣ ಹೊದಿಸಿದ್ದಾರೆ, ಅದು ಇನ್ನೂ ಬೇಗ ತುಕ್ಕು ಹಿಡಿಯುತ್ತದೆ. ಜುಲೈ ತಿಂಗಳಲ್ಲಿ ವಾರಗಟ್ಟಲೆ ಬಿಸಿಲೇ ಕಾಣದ ನಮ್ಮ ಊರಿಗೆ ಇಂಥ ಚಾಕು ಬಂದಿತ್ತು.

ಮೊದಲು ಬಳಸಿದ್ದರ ವಿಷಯ.

ಮೊದಲ ವಾರವೇ ಹೆಂಡತಿ ಕರೆದಳು. ‘ರೀ, ಇಲ್ಲಿ ನೋಡಿ, ಈರುಳ್ಳಿಯೆಲ್ಲ ಕಪ್ಪಾಗ್ತಿದೆ. ಕಬ್ಬಿಣದ ವಾಸನೆ ಬೇರೆ.’ ನಿಜವೇ. ಹೆಚ್ಚಿಟ್ಟ ಈರುಳ್ಳಿಯ ಅಂಚು ಬೂದುಬಣ್ಣಕ್ಕೆ ತಿರುಗಿತ್ತು. ಇಷ್ಟು ದುಡ್ಡು ಕೊಟ್ಟು ಇದೇನಪ್ಪಾ ಅನ್ನಿಸಿತು. ಅಮ್ಮ ಮಾತ್ರ ಗಾಬರಿಯಾಗಲಿಲ್ಲ. ಅವರ ಮೆಟ್ಟುಗತ್ತಿಯೂ ಮೊದಲು ಹೀಗೇ ಇತ್ತಂತೆ. ‘ನಾಲ್ಕು ದಿನ ಬಾಳೆಕಾಯಿ, ಬಾಳೆದಿಂಡು ಹೆಚ್ಚು, ಸರಿಹೋಗುತ್ತೆ’ ಅಂದರು. ಹಸಿ ಅಡಿಕೆ ಸುಲಿಯುವ ಕತ್ತಿ ಕಪ್ಪಾಗಿರುವುದನ್ನು ನೋಡಿದ್ದೀರಲ್ವಾ? ಅದೇ ಲೆಕ್ಕ. ಚೊಗರು ಕಬ್ಬಿಣಕ್ಕೆ ತಾಗಿದರೆ ಕಪ್ಪು ಪದರ ಕಟ್ಟುತ್ತದೆ. ಕೆಂಪು ತುಕ್ಕು ಲೋಹವನ್ನು ತಿನ್ನುತ್ತಾ ಹೋಗುತ್ತದೆ, ಈ ಕಪ್ಪು ಪದರ ಹಾಗಲ್ಲ. ಅದು ಅಲಗಿಗೆ ಅಂಟಿಕೊಂಡು ತುಕ್ಕನ್ನು ತಡೆಯುತ್ತದೆ.

ಎರಡು ತಿಂಗಳಲ್ಲಿ ಅಲಗು ಬೆಳ್ಳಿಬಣ್ಣದಿಂದ ಜೇನುಬಣ್ಣಕ್ಕೆ, ಅಲ್ಲಿಂದ ನವಿಲಿನ ಕತ್ತಿನ ನೀಲಿಗೆ ಬಂತು. ಆಮೇಲೆ ಈರುಳ್ಳಿ ಕಪ್ಪಾಗಲಿಲ್ಲ. ಬಳಸಿ ತೊಳೆದು, ಒಣಬಟ್ಟೆಯಲ್ಲಿ ಒರೆಸಿ, ಒಲೆಯ ಪಕ್ಕದ ಗೋಡೆಗೆ ನೇತುಹಾಕುತ್ತೇವೆ. ಅಷ್ಟೇ ಆರೈಕೆ. ಮೂರು ಮಳೆಗಾಲದಲ್ಲಿ ಒಂದೇ ಒಂದು ಸಲ ಕೆಂಪು ಚುಕ್ಕೆ ಕಂಡಿತ್ತು, ಬೂದಿ ಹಾಕಿ ಉಜ್ಜಿದೆ, ಹೋಯಿತು.

ಇದರ ಬಾಯಿಯ ರುಚಿ ಗೊತ್ತಾಗಿದ್ದು ಪತ್ರೊಡೆ ಮಾಡಿದ ದಿನ. ಬೆಂದ ಪತ್ರೊಡೆಯನ್ನು ಬಿಲ್ಲೆ ಮಾಡುವಾಗ ಸುರುಳಿ ಬಿಚ್ಚಿಕೊಳ್ಳುತ್ತದೆ, ಹಿಟ್ಟು ಉದುರುತ್ತದೆ. ಅವತ್ತು ಬೆರಳಿನಷ್ಟು ದಪ್ಪದ ಬಿಲ್ಲೆಗಳು ಹಾಗ್ಹಾಗೇ ಬಂದವು. ಕೆಸುವಿನೆಲೆಯ ಒಂದೊಂದು ಸುತ್ತೂ ಎಣಿಸುವಂತೆ ಕಾಣುತ್ತಿತ್ತು. ಕಳಲೆಯನ್ನೂ ಕಾಗದದಷ್ಟು ತೆಳ್ಳಗೆ ಹೆಚ್ಚಬಹುದು. ಪೆಟ್ಟಿಗೆಯಲ್ಲಿದ್ದ ಚಾಕುವೂ ಇಷ್ಟೇ ಹರಿತ, ಆದರೆ ಅದರಿಂದ ಮನೆಯಲ್ಲಿ ಯಾರಿಗೂ ಏನೂ ಸಿಗಲಿಲ್ಲ. ಇದನ್ನು ನಾನು ಸಣ್ಣ ವಿಷಯ ಅಂತ ಎಣಿಸುವುದಿಲ್ಲ.

ಬಳಸಿದ್ದಕ್ಕೆ ನಷ್ಟ ಆಗಲಿಲ್ಲವೇ? ಆಯಿತು. ಒಣಗಿದ ಹಲಸಿನ ಬೀಜದ ಮೇಲೆ ಒತ್ತಿದಾಗ ಬಾಯಲ್ಲಿ ಅಕ್ಕಿನುಚ್ಚಿನಷ್ಟು ಚೂರು ಹಾರಿಹೋಯಿತು. ಇಷ್ಟು ಗಟ್ಟಿ ಉಕ್ಕು ಬಾಗುವುದಿಲ್ಲ, ಮುರಿಯುತ್ತದೆ. ನಾಲ್ಕು ಸಂಜೆ 1000 ನಂಬರಿನ ಸಾಣೆಕಲ್ಲಿನ ಮೇಲೆ, ಆಮೇಲೆ ಇನ್ನೂ ನುಣುಪಾದ 3000ದ ಮೇಲೆ ತೇಯ್ದು ಸರಿಮಾಡಿದೆ. ಬಂದಾಗ ಅಲಗಿನ ಅಗಲ 46 ಮಿಲಿಮೀಟರ್ ಇತ್ತು. ಈಗ ಅಳೆದರೆ 44.5. ಅದರಲ್ಲಿ ಒಂದು ಮಿಲಿಮೀಟರ್ ಆ ಹಲಸಿನ ಬೀಜದ ಲೆಕ್ಕಕ್ಕೆ. ಉಳಿದ ಅರ್ಧ ಮಿಲಿಮೀಟರ್ ಮೂರು ವರ್ಷದ ಸಾಣೆಗೆ. ಮಾರಲು ಹೋದರೆ ಕೊಟ್ಟ ದುಡ್ಡಿನಲ್ಲಿ ಅರ್ಧವೂ ಬರುವುದಿಲ್ಲ, ಅದೂ ನಿಜ.

ಇನ್ನು ಪೆಟ್ಟಿಗೆಯದ್ದು.

ಕೊಬ್ಬರಿ ಎಣ್ಣೆ ಹಚ್ಚಿ, ಅದು ಬಂದ ಮರದ ಪೆಟ್ಟಿಗೆಯಲ್ಲೇ ಹಾಕಿ, ಬೀರುವಿನಲ್ಲಿ ಬಟ್ಟೆಗಳ ಕೆಳಗೆ ಇಟ್ಟೆ. ಮೊದಲ ಮಳೆಗಾಲ ಏನೂ ಆಗಲಿಲ್ಲ. ಆಯುಧಪೂಜೆಗೆ ಹೊರಗೆ ತೆಗೆದು ಮಚ್ಚು, ಕುಡುಗೋಲು, ಮರಗಸಿ (ಮರದ ಕೊಂಬೆ ಸವರುವ) ಕತ್ತಿಗಳ ಜೊತೆ ಇದನ್ನೂ ಇಟ್ಟೆವು. ‘ಕೆಲಸ ಮಾಡದ ಆಯುಧಕ್ಕೆ ಪೂಜೆ ಯಾಕೋ?’ ಅಂತ ಅಮ್ಮ ಕೇಳಿದ್ದರು. ಉಳಿದವುಗಳ ಹಾಗೇ ಇದಕ್ಕೂ ನೀರಲ್ಲಿ ಕಲಸಿದ ಅರಿಶಿನ, ಕುಂಕುಮದ ಬೊಟ್ಟು ಇಟ್ಟಿದ್ದರು. ಪಕ್ಕದಲ್ಲೇ ನಿಂಬೆಹಣ್ಣು ಕೊಯ್ದಿದ್ದರು. ಮಾರನೇ ದಿನ ಬಟ್ಟೆಯಲ್ಲಿ ಒರೆಸಿ ಮತ್ತೆ ಪೆಟ್ಟಿಗೆಗೆ ಹಾಕಿದೆ. ತೊಳೆಯಲಿಲ್ಲ, ನೀರು ತಾಗಿಸಬಾರದು ಅಂತ ನನ್ನ ಲೆಕ್ಕ. ಉಳಿದ ಕತ್ತಿಗಳು ತೋಟಕ್ಕೆ ಹೋದವು, ಒಂದೇ ದಿನದಲ್ಲಿ ಬೊಟ್ಟು ಉಜ್ಜಿಹೋಯಿತು. ಇದನ್ನು ಮತ್ತೆ ತೆರೆದಿದ್ದು ಮುಂದಿನ ಆಗಸ್ಟಿನಲ್ಲಿ.

ಕೊಬ್ಬರಿ ಎಣ್ಣೆ ಗಟ್ಟಿಯಾಗಿ ಹಳದಿ ಅಂಟಾಗಿತ್ತು, ಮುಗ್ಗು ವಾಸನೆ. ಬೊಟ್ಟು ಇಟ್ಟ ಜಾಗ, ನಿಂಬೆರಸ ಸಿಡಿದ ಜಾಗದಲ್ಲಿ ಕೆಂಪು ತುಕ್ಕು. ಉಜ್ಜಿದರೆ ತುಕ್ಕು ಹೋಯಿತು, ಕೆಳಗೆ ಗುಳಿ ಉಳಿಯಿತು. ಆ ದಿನ ನನಗೆ ತುಂಬಾ ಬೇಜಾರಾಯಿತು. ಮಳೆಗಾಲದಲ್ಲಿ ಗೋಣಿಚೀಲದ ಕಾಫಿ ಬೀಜ ತೇವ ಎಳೆದುಕೊಂಡು ಬಿಳಿಚಿಕೊಳ್ಳುವುದನ್ನು ಚಿಕ್ಕಂದಿನಿಂದ ನೋಡಿದವನು ನಾನು. ಬೀರುವಿನೊಳಗೂ ಅದೇ ಗಾಳಿ ಅಲ್ವಾ?

ಆಮೇಲೆ ಕ್ರಮ ಬದಲಿಸಿದೆ. ಕೊಬ್ಬರಿ ಎಣ್ಣೆ ಬಿಟ್ಟು ಮೆಡಿಕಲ್ ಶಾಪಿನ ಲಿಕ್ವಿಡ್ ಪ್ಯಾರಾಫಿನ್ ಹಚ್ಚಿದೆ. ಅದು ಗಟ್ಟಿಯಾಗುವುದಿಲ್ಲ, ಕಮಟುವುದಿಲ್ಲ. ಬಿಗಿ ಮುಚ್ಚಳದ ಡಬ್ಬಿ, ಒಳಗೆ ಸಿಲಿಕಾ ಜೆಲ್. ಜೆಲ್ ಬಣ್ಣ ಬದಲಿಸಿದರೆ ಸಣ್ಣ ಉರಿಯಲ್ಲಿ ಬಾಣಲೆಗೆ ಹಾಕಿ ಒಣಗಿಸಬೇಕು. ತಿಂಗಳಿಗೊಮ್ಮೆ ತೆಗೆದು ನೋಡಬೇಕು. ಹೀಗೆ ಮಾಡಿದ ಮೇಲೆ ಹೋದ ಮಳೆಗಾಲದಲ್ಲಿ ಹೊಸ ಚುಕ್ಕೆ ಒಂದೂ ಬೀಳಲಿಲ್ಲ. ಹಾಗಾಗಿ ಎತ್ತಿಡುವುದು ಆಗದ ಮಾತಲ್ಲ. ಆದರೆ ಬಳಸುವ ಚಾಕುವಿಗಿಂತ ಜಾಸ್ತಿ ಕೆಲಸ ಎತ್ತಿಟ್ಟಿದ್ದಕ್ಕೇ ಬೇಕು.

ಹಾಸನದಲ್ಲಿರುವ ಸ್ನೇಹಿತರೊಬ್ಬರು ಮೂವತ್ತಕ್ಕೂ ಜಾಸ್ತಿ ಚಾಕು ಕೂಡಿಸಿದ್ದಾರೆ. ಒಂದನ್ನೂ ಬಳಸುವುದಿಲ್ಲ, ಒಂದಕ್ಕೂ ಕಲೆ ಇಲ್ಲ. ಪ್ರತಿ ತಿಂಗಳ ಮೊದಲ ಭಾನುವಾರ ಬೆಳಗ್ಗೆ ಅವರದು ಇದೇ ಕೆಲಸ. ಹಾಸನದ ಗಾಳಿಯಲ್ಲಿ ನಮ್ಮಷ್ಟು ತೇವವೂ ಇಲ್ಲ. ಅವರ ವಾದ ಸುಮ್ನೆ ತಳ್ಳಿಹಾಕುವಂಥದ್ದಲ್ಲ. ಮಾಡಿದ ಕೈ ಹೋದ ಮೇಲೆ ಅಂಥ ಚಾಕು ಮತ್ತೆ ಹುಟ್ಟುವುದಿಲ್ಲ ಅನ್ನುತ್ತಾರೆ. ಅಮೆರಿಕದ ಹೆಸರಾಂತ ಚಾಕು ತಯಾರಕ ಬಾಬ್ ಲವ್‌ಲೆಸ್ 2010ರಲ್ಲಿ ತೀರಿಕೊಂಡರು. ಅವರ ಕೈಯ ಚಾಕು ಯಾರ ಹತ್ತಿರವಾದರೂ ಇದ್ದರೆ ಅದರಲ್ಲಿ ಈರುಳ್ಳಿ ಹೆಚ್ಚಿ ಅಂತ ನಾನೂ ಹೇಳಲಾರೆ. ಡಮಾಸ್ಕಸ್ ಅಂತ ಮಾರುವ, ಅಲೆ ಅಲೆ ಗೆರೆಯ ಚಾಕುವಿಗೂ ಅವರ ಮಾತು ಸ್ವಲ್ಪ ಅನ್ವಯಿಸುತ್ತದೆ. ಈಗಿನ ಡಮಾಸ್ಕಸ್ ಎರಡು ಬಗೆಯ ಉಕ್ಕನ್ನು ಪದರ ಪದರವಾಗಿ ಬೆಸೆದು, ಆಮ್ಲದಲ್ಲಿ ಅದ್ದಿ ಗೆರೆ ಎಬ್ಬಿಸಿದ್ದು. ಬಳಸಿ ಉಜ್ಜಿದಂತೆ ಗೆರೆ ಮಾಸುತ್ತದೆ. ಹಳೆಯ ಕಾಲದ ಡಮಾಸ್ಕಸ್ ಬೇರೆಯೇ. ಅದಕ್ಕೆ ಉಕ್ಕು ಹೋಗುತ್ತಿದ್ದುದು ನಮ್ಮ ದಕ್ಷಿಣ ಭಾರತದಿಂದ. ಅದನ್ನು ಹೊರಗಿನವರು ಕರೆದ ‘ವುಟ್ಜ್’ ಎಂಬ ಹೆಸರು ನಮ್ಮ ‘ಉಕ್ಕು’ ಪದದಿಂದಲೇ ಬಂದಿದ್ದು ಎಂದು ಬಹಳ ವಿದ್ವಾಂಸರು ಹೇಳುತ್ತಾರೆ. ಇದನ್ನು ಓದಿದ ದಿನ ನಾನು ಅಜ್ಜನ ಕತ್ತಿಯನ್ನು ಕೈಗೆತ್ತಿಕೊಂಡು ಸುಮಾರು ಹೊತ್ತು ಕೂತಿದ್ದೆ.

ಮಡಚುವ ಚಾಕು ಇಟ್ಟುಕೊಂಡವರಿಗೆ ಒಂದು ಎಚ್ಚರಿಕೆ. ನನ್ನ ಹತ್ತಿರ ಬಕ್ 110 ಇದೆ, 1964ರಿಂದ ಬರುತ್ತಿರುವ ಹೆಸರಾಂತ ಚಾಕು. ಮರದ ಹಿಡಿ, ಎರಡೂ ತುದಿಗೆ ಹಿತ್ತಾಳೆ. ಅದನ್ನು ಚರ್ಮದ ಒರೆಯಲ್ಲೇ ಇಟ್ಟಿದ್ದೆ. ಒಂದು ಮಳೆಗಾಲಕ್ಕೆ ಒರೆಯ ಮೇಲೆ ಬೂಷ್ಟು, ಹಿತ್ತಾಳೆಗೆ ಹಸಿರು ಕಿಲುಬು. ತಪ್ಪು ಚಾಕುವಿನದಲ್ಲ, ಚರ್ಮ ತೇವ ಹಿಡಿದಿಡುತ್ತದೆ. ಒರೆ ಬೇರೆ, ಚಾಕು ಬೇರೆ ಇಡಿ. ಕೊಂಬಿನ ಹಿಡಿಯದ್ದು ಎಲ್ಲಾದರೂ ಕಂಡರೆ ಕೊಳ್ಳಬೇಡಿ. ನಮ್ಮ ದೇಶದಲ್ಲಿ ಕಡವೆ, ಜಿಂಕೆ ಕೊಂಬಿನ ವ್ಯಾಪಾರ 1972ರ ವನ್ಯಜೀವಿ ಕಾಯ್ದೆಗೆ ವಿರುದ್ಧ.

ಅಜ್ಜನ ಕತ್ತಿಗೆ ಬರುತ್ತೇನೆ. ಅದಕ್ಕೆ ಪೇಟೆಯಲ್ಲಿ ಮುನ್ನೂರು ರೂಪಾಯಿಯೂ ಸಿಗಲಿಕ್ಕಿಲ್ಲ. ಊರಿನ ಆಚಾರಿಯೊಬ್ಬರು ಹಳೇ ಜೀಪಿನ ಸ್ಪ್ರಿಂಗ್ ಪ್ಲೇಟಿನಿಂದ ಬಡಿದುಕೊಟ್ಟಿದ್ದು. ಆ ಕುಲುಮೆ ಮುಚ್ಚಿ ಎಷ್ಟೋ ವರ್ಷವಾಯಿತು. ಕೆಲವು ವರ್ಷದ ಹಿಂದೆ ಒಂದು ವರ್ಕ್‌ಶಾಪಿನಲ್ಲಿ ಸಾಣೆಗೆ ಕೊಟ್ಟೆ. ಕರೆಂಟಿನ ಗ್ರೈಂಡರಿಗೆ ಒತ್ತಿ ಹಿಡಿದರು, ಕಿಡಿ ಹಾರಿತು, ತುದಿ ನೀಲಿಯಾಯಿತು. ಹದ ಹೋಯಿತು. ಉಕ್ಕು ಅಷ್ಟು ಬಿಸಿಯಾದರೆ ಕುಲುಮೆಯಲ್ಲಿ ಕೊಟ್ಟ ಹದ ಸಡಿಲವಾಗುತ್ತದೆ, ಆ ಜಾಗದ ಬಾಯಿ ಆಮೇಲೆ ಹರಿತ ಹಿಡಿಯುವುದಿಲ್ಲ. ಎಂಥ ಚಾಕುವೇ ಇರಲಿ, ಕೈಯಲ್ಲಿ ಕಲ್ಲಿನ ಮೇಲೆ ನೀರು ಹಾಕಿಕೊಂಡು ಮಸೆಯಿರಿ, ಗ್ರೈಂಡರಿಗೆ ಕೊಡಬೇಡಿ.

ಹಾಗಾಗಿ ನಮ್ಮ ಮನೆಯಲ್ಲಿ ಈಗ ಎತ್ತಿಟ್ಟಿರುವುದು ಅಜ್ಜನ ಕತ್ತಿಯೊಂದನ್ನೇ. ಪ್ಯಾರಾಫಿನ್, ಜೆಲ್, ಡಬ್ಬಿ ಎಲ್ಲ ಅದಕ್ಕೆ. ಜಪಾನಿನ ಚಾಕು ಮಾಡಿದವರು ಇನ್ನೂ ಮಾಡುತ್ತಿದ್ದಾರೆ, ಇದು ಸವೆದರೆ ದುಡ್ಡು ಕೂಡಿಸಿ ಇನ್ನೊಂದು ತರಿಸಬಹುದು. ಹಾಸನದಂಥ ಊರಲ್ಲಿದ್ದು, ತಿಂಗಳಿಗೊಂದು ಬೆಳಗ್ಗೆ ಕೊಡುವ ಮನಸ್ಸಿದ್ದರೆ ಎತ್ತಿಡಿ. ನಮ್ಮ ಕಡೆಯ ಮಳೆಯಲ್ಲಿ, ಬೀರುವಿನಲ್ಲಿಟ್ಟು ಮರೆಯುವವರಾದರೆ ಬಳಸಿಬಿಡಿ.

ಮೂರು ಗುಳಿಯ ಚಾಕುವನ್ನು ಕಳೆದ ವಾರ ಹೆಂಡತಿಯ ಕೈಗೆ ಕೊಟ್ಟೆ. ನಿನ್ನೆ ಬಾಳೆದಿಂಡಿನ ಪಲ್ಯ. ಅಲಗಿನ ಮಧ್ಯೆ ಬೆರಳಗಲ ಜೇನುಬಣ್ಣ ಬಂದಿದೆ. ಈರುಳ್ಳಿಯನ್ನು ಇನ್ನೂ ಒಂದೆರಡು ತಿಂಗಳು ಹಳೆಯ ಚಾಕುವಿನಲ್ಲೇ ಹೆಚ್ಚುತ್ತೇವೆ.